ಗೋಡೆಯೊಳಗಿನ ವೈರು, ಬುರುಡೆಯೊಳಗಿನ ನರ

ಅಡುಗೆಮನೆಗೆ ನೀರಿನ ಫಿಲ್ಟರ್ ಕೂರಿಸಲು ಬಂದ ಹುಡುಗ ಡ್ರಿಲ್ ಮಷಿನ್ ಕೈಗೆತ್ತಿಕೊಳ್ಳುವ ಮೊದಲು ಕೇಳುವ ಪ್ರಶ್ನೆ ಎಲ್ಲ ಮನೆಗಳಲ್ಲೂ ಒಂದೇ: "ಸಾರ್, ಇಲ್ಲಿ ಒಳಗಡೆ ವೈರು, ಪೈಪು ಏನಾದ್ರೂ ಹೋಗಿದ್ಯಾ?" ನಮಗೆ ಗೊತ್ತಿರುವುದಿಲ್ಲ. ಸ್ವಿಚ್ ಬೋರ್ಡ್ ಎಲ್ಲಿದೆ, ನಲ್ಲಿ ಎಲ್ಲಿದೆ ಎಂದು ನೋಡಿ, ವೈರು ನೆಟ್ಟಗೆ ಮೇಲಕ್ಕೆ ಹೋಗಿರಬೇಕು ಎಂದು ಅಂದಾಜು ಮಾಡಿ, ಒಂದು ಗೇಣು ಪಕ್ಕಕ್ಕೆ ಬೆರಳು ತೋರಿಸುತ್ತೇವೆ. ಮನೆ ಕಟ್ಟಿಸುವಾಗಲೇ ಜಾಣತನ ಮಾಡಿದವರು ಮಾತ್ರ ಪ್ಲಾಸ್ಟರ್ ಬೀಳುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಂಡಿರುತ್ತಾರೆ. ಅವರು ಮೊಬೈಲು ತೆಗೆದು, ಫೋಟೊದಲ್ಲಿರುವ ಕಿಟಕಿಯ ಮೂಲೆಗೂ ಎದುರಿಗಿರುವ ಕಿಟಕಿಯ ಮೂಲೆಗೂ ತಾಳೆ ಹಾಕಿ, "ಇಲ್ಲಿಂದ ಎರಡು ಗೇಣು ಬಿಟ್ಟು ಕೊರಿಯಪ್ಪ" ಅನ್ನುತ್ತಾರೆ.

ಆ ಹಳೆಯ ಫೋಟೊವನ್ನು ಈಗಿನ ಗೋಡೆಯ ಮೇಲೆಯೇ, ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ಮೂಡಿಸಲು ಸಾಧ್ಯವಾದರೆ? ಡ್ರಿಲ್ ಹಿಡಿದವನ ಕಣ್ಣಿಗೆ ಪ್ಲಾಸ್ಟರಿನ ಮೇಲೆ ಕೆಂಪು ಗೆರೆಯಾಗಿ ವೈರು, ನೀಲಿ ಗೆರೆಯಾಗಿ ಪೈಪು ಕಾಣುವಂತಿದ್ದರೆ? ತಲೆಬುರುಡೆಯ ತಳದಲ್ಲಿ ಕೈಯಾಡಿಸುವ ಶಸ್ತ್ರವೈದ್ಯರಿಗೆ ಆಗ್ಮೆಂಟೆಡ್ ರಿಯಾಲಿಟಿ ಕೊಡಲು ಹೊರಟಿರುವುದು ಇದನ್ನೇ. ಗೋಡೆಯ ಜಾಗದಲ್ಲಿ ಮೂಳೆ, ವೈರಿನ ಜಾಗದಲ್ಲಿ ದೃಷ್ಟಿನರ, ಪೈಪಿನ ಜಾಗದಲ್ಲಿ ಮೆದುಳಿಗೆ ರಕ್ತ ಒಯ್ಯುವ ಧಮನಿ. ಗೇಣಿನ ಲೆಕ್ಕ ಮಾತ್ರ ಅಲ್ಲಿ ನಡೆಯುವುದಿಲ್ಲ. ಅಲ್ಲಿರುವುದೆಲ್ಲ ಮಿಲಿಮೀಟರ್ ಲೆಕ್ಕ.

ಇದಕ್ಕೆ ಕನ್ನಡದಲ್ಲಿ 'ವರ್ಧಿತ ವಾಸ್ತವ' ಎಂಬ ಪದವಿದೆ. ಬಾಯಿಗೆ ಹತ್ತುವುದಿಲ್ಲವಾದ್ದರಿಂದ ನಾನು ಎಆರ್ ಎಂದೇ ಬರೆಯುತ್ತೇನೆ. ಕಣ್ಣಿಗೆ ಕಟ್ಟಿಕೊಂಡ ಸಾಧನ ಹೊರಗಿನದನ್ನೆಲ್ಲ ಮುಚ್ಚಿ ಬೇರೊಂದು ಲೋಕ ತೋರಿಸಿದರೆ ಅದು ವರ್ಚುವಲ್ ರಿಯಾಲಿಟಿ. ಎಆರ್ ಏನನ್ನೂ ಮುಚ್ಚುವುದಿಲ್ಲ. ಇರುವುದರ ಮೇಲೆಯೇ ಗೆರೆ ಎಳೆಯುತ್ತದೆ. ಕಾರನ್ನು ರಿವರ್ಸ್ ತೆಗೆಯುವಾಗ ಪರದೆಯ ಮೇಲೆ ಮೂಡುವ ಹಸಿರು, ಹಳದಿ, ಕೆಂಪು ಗೆರೆಗಳನ್ನು ನೆನಪಿಸಿಕೊಳ್ಳಿ. ಕ್ಯಾಮೆರಾ ತೋರಿಸುವ ರಸ್ತೆ ನಿಜ, ಗೆರೆ ಕಂಪ್ಯೂಟರಿನದು. ಆ ಗೆರೆಯನ್ನೇ ನಂಬಿ ಕಾಂಪೌಂಡಿಗೆ ಗುದ್ದಿಸಿಕೊಂಡವರಿಗೆ ಈ ಲೇಖನದ ಅರ್ಧ ಭಾಗ ಆಗಲೇ ಗೊತ್ತಿದೆ.

ಕೆಳಮನೆಯ ತಾರಸಿ, ಮೇಲ್ಮನೆಯ ನೆಲ

ತಲೆಬುರುಡೆ ಎಂದಾಗ ನಮ್ಮ ಕಣ್ಣೆದುರು ಬರುವುದು ಮೇಲಿನ ಗುಮ್ಮಟ. ಆ ಗುಮ್ಮಟಕ್ಕೆ ಒಂದು ನೆಲವೂ ಇದೆ. ಮೆದುಳು ಕೂತಿರುವುದು ಅದರ ಮೇಲೆ. ಕೆಳಗಿನಿಂದ ನೋಡಿದರೆ ಅದೇ ನೆಲ ಮೂಗಿನ ಒಳಭಾಗಕ್ಕೂ ಕಣ್ಣಿನ ಗೂಡುಗಳಿಗೂ ಚಾವಣಿ. ಕೆಳಮನೆಯ ತಾರಸಿಯೇ ಮೇಲ್ಮನೆಯ ನೆಲವಾದಂತೆ. ಎರಡು ಮನೆಗಳ ನಡುವಿನ ಪೈಪು, ವೈರು ಎಲ್ಲ ಈ ತಾರಸಿಯನ್ನು ಕೊರೆದುಕೊಂಡೇ ಹೋಗಬೇಕು. ಮೆದುಳಿಗೆ ರಕ್ತ ತರುವ ನಾಲ್ಕು ದೊಡ್ಡ ಧಮನಿಗಳು ಇದರ ರಂಧ್ರಗಳಿಂದಲೇ ಮೇಲೇರುತ್ತವೆ. ವಾಸನೆ, ನೋಟ, ಕಣ್ಣಿನ ಚಲನೆ, ಮುಖದ ಸ್ಪರ್ಶ, ನಗು, ಕೇಳುವಿಕೆ, ನುಂಗುವಿಕೆ, ದನಿ, ನಾಲಿಗೆಯ ಹೊರಳು ಇವೆಲ್ಲವನ್ನೂ ನೋಡಿಕೊಳ್ಳುವ ಹನ್ನೆರಡು ಜೊತೆ ನರಗಳು ಹೊರಡುವುದೂ ಇಲ್ಲಿಂದಲೇ. ವಾಸನೆಯ ನರದ ಎಳೆಗಳು ಹಾದುಬರುವ ಮೂಳೆಯ ತುಣುಕಂತೂ ಥೇಟ್ ಜರಡಿಯ ಹಾಗಿದೆ.

ಈ ನೆಲದ ಸರಿಸುಮಾರು ನಡುಮಧ್ಯದಲ್ಲಿ ಕುದುರೆಯ ಜೀನಿನಂತೆ ತಗ್ಗಾದ ಒಂದು ಮೂಳೆ. ಅದರೊಳಗೆ ಕಡಲೆಕಾಳಿನಷ್ಟು ದೊಡ್ಡದಾದ, ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿ. ಎಡಬಲಗಳಲ್ಲಿ ಒಂದೊಂದು ಕೆರೋಟಿಡ್ ಧಮನಿ, ಘಾಟಿ ರಸ್ತೆಯ ಹಾಗೆ ತಿರುವು ತೆಗೆದುಕೊಂಡು ಮೇಲಕ್ಕೆ ಹೋಗುತ್ತದೆ. ಗ್ರಂಥಿಯ ನೆತ್ತಿಯ ಮೇಲೆ ಎರಡೂ ಕಣ್ಣುಗಳ ದೃಷ್ಟಿನರಗಳು ಕೂಡುವ ಜಾಗ. ಪಿಟ್ಯುಟರಿಯಲ್ಲಿ ಗೆಡ್ಡೆ ಬೆಳೆದು ಮೇಲಕ್ಕೆ ಒತ್ತಿದರೆ ಎರಡೂ ಕಣ್ಣುಗಳ ಹೊರಪಕ್ಕದ ನೋಟ ಮಂಕಾಗುತ್ತದೆ. ನೇರ ನೋಟ ಚೆನ್ನಾಗಿಯೇ ಇರುವುದರಿಂದ ಎಷ್ಟೋ ಜನರಿಗೆ ಇದು ತಿಳಿಯುವುದೇ ಇಲ್ಲ. ಪಕ್ಕದಿಂದ ಬಂದ ಸ್ಕೂಟರ್ ಕಾಣದೇಹೋದಾಗ, ಬಾಗಿಲ ಚೌಕಟ್ಟಿಗೆ ಮತ್ತೆ ಮತ್ತೆ ಭುಜ ತಾಗಿದಾಗ ಅನುಮಾನ ಶುರುವಾಗುತ್ತದೆ.

ಇಲ್ಲಿಗೆ ಹತ್ತಿರದ ದಾರಿ ಮೂಗು. 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯರು ಮೂಗಿನ ಹಾದಿಯಿಂದ ಪಿಟ್ಯುಟರಿ ಗೆಡ್ಡೆಯನ್ನು ತೆಗೆದರು. ಅದಕ್ಕಾಗಿ ಅವರು ಮೂಗನ್ನೇ ಬಿಡಿಸಿ ಪಕ್ಕಕ್ಕೆ ಮಡಚಬೇಕಾಯಿತು. ಇಂದು ಸುಮಾರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಮೂಗಿನ ಹೊಳ್ಳೆಯಿಂದಲೇ ಒಳಗೆ ಹೋಗುತ್ತದೆ, ಹೊರಗೆ ಗಾಯದ ಗುರುತು ಇರುವುದಿಲ್ಲ. ಮೂಗಿನ ಹಿಂದಿರುವ ಗಾಳಿಗೂಡನ್ನು ಹೊಕ್ಕು, ಅದರ ಹಿಂಗೋಡೆಯನ್ನು ಡ್ರಿಲ್ಲಿನಿಂದ ತೆಳುವಾಗಿಸಿ ತೆರೆದರೆ ಗ್ರಂಥಿ ಎದುರಿಗೇ ಸಿಗುತ್ತದೆ.

ಕೇಳಲು ಸರಳ. ಆದರೆ ಈ ಗಾಳಿಗೂಡಿನ ಇಕ್ಕೆಲದ ಗೋಡೆಗಳಲ್ಲೇ ಕೆರೋಟಿಡ್ ಉಬ್ಬಿಕೊಂಡಿರುತ್ತದೆ. ಕೆಲವರಲ್ಲಿ ಅದರ ಮೇಲಿನ ಮೂಳೆ ಮೊಟ್ಟೆಯ ಸಿಪ್ಪೆಗಿಂತ ತೆಳು, ಇನ್ನು ಕೆಲವರಲ್ಲಿ ಅಲ್ಲಲ್ಲಿ ಮೂಳೆಯೇ ಇಲ್ಲ. ಗೂಡಿನ ಒಳಗಿನ ಅಡ್ಡಗೋಡೆ ನಡುವಿನಲ್ಲೇ ಇರಬೇಕೆಂದೇನೂ ಇಲ್ಲ. ಓರೆಯಾಗಿ ಹೋಗಿ ಧಮನಿಯ ಮೇಲಿನ ಮೂಳೆಗೇ ಅಂಟಿಕೊಂಡಿರುವುದುಂಟು. ಅದನ್ನು ಚಿಮಟದಿಂದ ಹಿಡಿದು ತಿರುಚಿದರೆ ಧಮನಿಯೇ ಸೀಳಬಹುದು. ಸಾಮಾನ್ಯ ಪಿಟ್ಯುಟರಿ ಶಸ್ತ್ರಚಿಕಿತ್ಸೆಗಳಲ್ಲಿ ಇಂಥ ಅವಘಡ ನೂರರಲ್ಲಿ ಒಂದಕ್ಕಿಂತ ಅಪರೂಪ. ಆದರೆ ಆದಾಗ ಎಂಡೋಸ್ಕೋಪಿನ ಗಾಜು ಕ್ಷಣದಲ್ಲಿ ಕೆಂಪಾಗಿ ಪರದೆಯ ಮೇಲೆ ಏನೂ ಕಾಣದಂತಾಗುತ್ತದೆ. ಅನುಭವಿಗಳೂ ಹೆದರುವ ಗಳಿಗೆ ಅದು.

ಫೋಟೊ ಇದೆ, ತಾಳೆ ಹಾಕಬೇಕು

ಪ್ಲಾಸ್ಟರಿಗೆ ಮೊದಲಿನ ಫೋಟೊ ಎಂದೆನಲ್ಲ, ಇಲ್ಲಿ ಅದರ ಕೆಲಸ ಮಾಡುವುದು ಸಿಟಿ ಮತ್ತು ಎಂಆರ್‌ಐ. ಮೊದಲ ರೋಗಿಯ ತಲೆಯ ಸಿಟಿ ಸ್ಕ್ಯಾನ್ ಆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ. ಮೂಳೆಯನ್ನು ಸಿಟಿ ಚೆನ್ನಾಗಿ ತೋರಿಸುತ್ತದೆ, ಗೆಡ್ಡೆ ಮತ್ತು ಮೆದುಳನ್ನು ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ, ಪದರ ಪದರವಾಗಿ ಧಮನಿಗೆ ಒಂದು ಬಣ್ಣ, ನರಕ್ಕೆ ಒಂದು, ಗೆಡ್ಡೆಗೆ ಒಂದು ಬಳಿದರೆ ಮೂರು ಆಯಾಮದ ಮಾದರಿ ಸಿದ್ಧ. ಈ ಬಣ್ಣ ಬಳಿಯುವ ಕೆಲಸವನ್ನು ಈಗ ಬಹುಪಾಲು ಸಾಫ್ಟ್‌ವೇರೇ ಮಾಡುತ್ತದೆ, ಆದರೂ ಮನುಷ್ಯರೊಬ್ಬರು ಕೂತು ತಿದ್ದಬೇಕು. ಅಂಚು ಎಲ್ಲಿ ಮುಗಿಯುತ್ತದೆ ಎಂದು ಅವರು ನಿರ್ಧರಿಸುವಲ್ಲಿ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಆ ತಪ್ಪು ಅಲ್ಲಿಂದಲೇ ಜೊತೆಗೆ ಬರುತ್ತದೆ.

ಮಾದರಿ ಸಿದ್ಧವಾದರೂ ಅದು ಕಂಪ್ಯೂಟರಿನಲ್ಲಿದೆ, ರೋಗಿ ಮೇಜಿನ ಮೇಲಿದ್ದಾರೆ. ಎರಡನ್ನೂ ತಾಳೆ ಹಾಕುವ ಕೆಲಸಕ್ಕೆ ರಿಜಿಸ್ಟ್ರೇಷನ್ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲಿಯೇ, ಮಿರಿಮಿರಿ ಮಿಂಚುವ ಹೊಲೊಗ್ರಾಮಿನಲ್ಲಿ ಅಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ದಾರಿ ತೋರಿಸುವ ಈಗಿನ ನ್ಯಾವಿಗೇಷನ್ ಯಂತ್ರ ಕೆಲಸ ಮಾಡುವ ರೀತಿ ಹೀಗೆ. ಕೋಣೆಯ ಒಂದು ಬದಿಯಲ್ಲಿ ಜೋಡಿ ಕ್ಯಾಮೆರಾ, ಅವಕ್ಕೆ ಕಾಣುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ರೋಗಿಯ ತಲೆಗೆ ಅಲುಗಾಡದಂತೆ ಜೋಡಿಸಿದ ಚಿಕ್ಕ ಚೌಕಟ್ಟೊಂದರಲ್ಲಿ ಬೆಳಕನ್ನು ಮರಳಿಸುವ ಗುಂಡುಗಳು. ವೈದ್ಯರ ಕೈಯಲ್ಲಿರುವ ಉಪಕರಣಕ್ಕೂ ಅಂಥವೇ ಗುಂಡುಗಳು. ಕ್ಯಾಮೆರಾ ಎರಡನ್ನೂ ನೋಡುತ್ತ, ತಲೆಗೆ ಹೋಲಿಸಿ ಉಪಕರಣದ ತುದಿ ಎಲ್ಲಿದೆ ಎಂದು ಎಡೆಬಿಡದೆ ಲೆಕ್ಕ ಹಾಕುತ್ತದೆ. ಮೊದಲಿಗೆ ವೈದ್ಯರು ಒಂದು ಸೂಜಿಮೊನೆಯ ಕಡ್ಡಿಯಿಂದ ರೋಗಿಯ ಹಣೆ, ಮೂಗಿನ ಬುಡ, ಕಣ್ಣಿನ ಮೂಲೆಗಳನ್ನು ಮುಟ್ಟಿಯೋ, ಚರ್ಮದ ಮೇಲೆ ಸವರಿಯೋ ಯಂತ್ರಕ್ಕೆ ಗುರುತು ಹೇಳಬೇಕು. ಸ್ಕ್ಯಾನಿನಲ್ಲಿರುವ ಅದೇ ಮುಖದ ಮೇಲೆ ಯಂತ್ರ ಈ ಬಿಂದುಗಳನ್ನು ಹೊಂದಿಸುತ್ತದೆ. ಕಿಟಕಿಯ ಮೂಲೆಗೆ ಕಿಟಕಿಯ ಮೂಲೆ.

ತೊಂದರೆ ಶುರುವಾಗುವುದು ಇಲ್ಲಿ. ಚರ್ಮ ಮೂಳೆಯಲ್ಲ, ಒತ್ತಿದರೆ ತಗ್ಗುತ್ತದೆ, ಬಾವು ಬಂದರೆ ಉಬ್ಬುತ್ತದೆ. ಗುರುತು ಹಾಕಿದ್ದು ಮುಖದ ಮೇಲೆ, ಕೊರೆಯುವುದು ಅಲ್ಲಿಂದ ಎಷ್ಟೋ ಹಿಂದೆ. ಹೊಂದಿಕೆ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ 10 ಸೆಂಟಿಮೀಟರ್ ಒಳಗೆ ಹೋಗುವ ಹೊತ್ತಿಗೆ ತಪ್ಪು 1.7 ಮಿಲಿಮೀಟರ್ ಆಗಿರುತ್ತದೆ. ಬಾಗಿಲ ಹಿಂಜಿನ ಬಳಿ ಕೂದಲೆಳೆಯಷ್ಟಿದ್ದ ಸಂದು ಬಾಗಿಲ ತುದಿಯಲ್ಲಿ ಬೆರಳು ತೂರುವಷ್ಟಾಗುವ ಹಾಗೆ. ಚೆನ್ನಾಗಿ ನಡೆದ ದಿನವೂ ಇಂಥ ಯಂತ್ರಗಳ ತಪ್ಪು ಸುಮಾರು 1ರಿಂದ 2 ಮಿಲಿಮೀಟರಿನಷ್ಟಿರುತ್ತದೆ. ಕೆರೋಟಿಡ್ ಧಮನಿಯ ಅಗಲವೇ ಅಲ್ಲಿ 4-5 ಮಿಲಿಮೀಟರ್ ಎನ್ನುವುದನ್ನು ಇದರ ಪಕ್ಕಕ್ಕಿಟ್ಟು ನೋಡಿ.

ಇನ್ನೊಂದು ಸೂಕ್ಷ್ಮ. ಹೊಂದಿಸಿದ ಮೇಲೆ ಯಂತ್ರ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ, ಇಷ್ಟು ಮಿಲಿಮೀಟರ್ ವ್ಯತ್ಯಾಸ ಎಂದು. ಅಂಕಿ ಚಿಕ್ಕದಿದ್ದರೆ ಎಲ್ಲ ಸರಿಯಿದೆ ಅನ್ನಿಸುವುದು ಸಹಜ. ಆದರೆ ಅದು ಹೇಳುತ್ತಿರುವುದು ಗುರುತು ಹಾಕಿದ ಬಿಂದುಗಳು ಪರಸ್ಪರ ಎಷ್ಟು ಚೆನ್ನಾಗಿ ಕೂತವು ಎಂಬುದನ್ನು ಮಾತ್ರ. ಒಳಗೆ ಡ್ರಿಲ್ ತಾಗುವ ಜಾಗದಲ್ಲಿ ತಪ್ಪೆಷ್ಟು ಎಂಬುದನ್ನಲ್ಲ. ಆ ಎರಡು ತಪ್ಪುಗಳಿಗೆ ಪರಸ್ಪರ ಸಂಬಂಧವೇ ಇರಬೇಕಿಲ್ಲ ಎಂದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೈಕೆಲ್ ಫಿಟ್ಜ್‌ಪ್ಯಾಟ್ರಿಕ್ ಗಣಿತದಿಂದಲೇ ತೋರಿಸಿದ್ದಾರೆ. ಹಾಗಾಗಿ ಅಂಕಿಯನ್ನು ನೋಡಿ ನೆಮ್ಮದಿಯಾಗುವ ಬದಲು, ಗೊತ್ತಿರುವ ಮೂಳೆಯ ಗುರುತೊಂದನ್ನು ಒಳಗೇ ಮುಟ್ಟಿ, ಪರದೆಯೂ ಅದನ್ನೇ ತೋರಿಸುತ್ತಿದೆಯೇ ಎಂದು ನೋಡುವುದು ವಾಡಿಕೆ. ಒಮ್ಮೆಯಲ್ಲ, ಶಸ್ತ್ರಚಿಕಿತ್ಸೆಯುದ್ದಕ್ಕೂ.

ಗೆರೆ ಕಣ್ಣಿಗೆ ಬಂದದ್ದು

ನ್ಯಾವಿಗೇಷನ್ ಬಂದ ಮೇಲೂ ಒಂದು ಕಿರಿಕಿರಿ ಉಳಿಯಿತು. ಎಂಡೋಸ್ಕೋಪಿನ ಚಿತ್ರ ಒಂದು ಪರದೆಯಲ್ಲಿ, ಸ್ಕ್ಯಾನಿನ ಚಿತ್ರ ಪಕ್ಕದ ಪರದೆಯಲ್ಲಿ. ಅದೂ ಮೂರು ದಿಕ್ಕಿನಿಂದ ಕತ್ತರಿಸಿದ ಕಪ್ಪುಬಿಳುಪು ಹೋಳುಗಳು. ಡ್ರಿಲ್ ನಿಲ್ಲಿಸಿ, ಕಡ್ಡಿ ತೂರಿಸಿ, ಕತ್ತು ಹೊರಳಿಸಿ, ಹೋಳುಗಳನ್ನು ಮನಸ್ಸಿನಲ್ಲೇ ಜೋಡಿಸಿ, ಮತ್ತೆ ಈ ಪರದೆಗೆ ಬಂದು ಕೆಲಸ ಮುಂದುವರಿಸಬೇಕು. ದಾರಿ ಗೊತ್ತಿಲ್ಲದ ಊರಿನಲ್ಲಿ ಮೊಬೈಲು ಮ್ಯಾಪು ನೋಡುತ್ತ ಬೈಕು ಓಡಿಸುವವರ ಪಾಡು. ಮ್ಯಾಪನ್ನು ರಸ್ತೆಯ ಮೇಲೆಯೇ ಬರೆದುಬಿಟ್ಟರೆ ಈ ಹೊರಳಾಟ ತಪ್ಪುತ್ತದೆ ಎನ್ನುವುದು ಎಆರ್‌ನ ಮೂಲ ವಾದ.

ಈ ಯೋಚನೆ ನಿನ್ನೆ ಮೊನ್ನೆಯದಲ್ಲ. 1986ರಲ್ಲೇ ಅಮೆರಿಕದ ಡಾರ್ಟ್‌ಮತ್‌ನಲ್ಲಿ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು ಸಿಟಿಯಿಂದ ತೆಗೆದ ಗೆಡ್ಡೆಯ ಬಾಹ್ಯರೇಖೆಯನ್ನು ಆಪರೇಷನ್ ಮೈಕ್ರೊಸ್ಕೋಪಿನ ನೋಟದೊಳಕ್ಕೇ ಹಾಯಿಸಿ ತೋರಿಸಿದ್ದರು. ಮೈಕ್ರೊಸ್ಕೋಪ್ ಎಲ್ಲಿದೆ ಎಂದು ತಿಳಿಯಲು ಅವರು ಬಳಸಿದ್ದು ಕಿವಿಗೆ ಕೇಳದ ಧ್ವನಿತರಂಗ. ಆಗಿನ ಕಂಪ್ಯೂಟರುಗಳ ಶಕ್ತಿ ನೆನೆದರೆ ಇದು ಸಣ್ಣ ಸಾಹಸವಲ್ಲ. 'ಆಗ್ಮೆಂಟೆಡ್ ರಿಯಾಲಿಟಿ' ಎಂಬ ಹೆಸರು ಹುಟ್ಟಿದ್ದು ಆಮೇಲೆ, 1990ರ ದಶಕದ ಆರಂಭದಲ್ಲಿ, ಅದೂ ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯಲ್ಲಿ. ವಿಮಾನದೊಳಗಿನ ವೈರುಗಳನ್ನು ಜೋಡಿಸುವ ಕೆಲಸಗಾರರಿಗೆ ನೆರವಾಗಲೆಂದು ಹೊರಟ ಪ್ರಯತ್ನ ಅದು. ವೈರಿನ ಕಥೆ ನಮ್ಮನ್ನು ಬಿಡುವಂತಿಲ್ಲ.

ಇಂದು ಈ ಗೆರೆ ವೈದ್ಯರ ಕಣ್ಣಿಗೆ ಮೂರು ದಾರಿಗಳಿಂದ ಬರುತ್ತದೆ. ಮೈಕ್ರೊಸ್ಕೋಪಿನ ಕಣ್ಣುಗಾಜಿನೊಳಗೆ ಹಾಯಿಸುವುದು ಎಲ್ಲಕ್ಕಿಂತ ಹಳೆಯದು, ನುರಿತದ್ದು. ದೊಡ್ಡ ಕಂಪನಿಗಳ ಯಂತ್ರಗಳಲ್ಲಿ ಈ ಸೌಲಭ್ಯ ಆಗಲೇ ಇದೆ. ಎರಡನೆಯದು ಎಂಡೋಸ್ಕೋಪಿನ ವಿಡಿಯೊ ಮೇಲೆಯೇ ಗೆರೆ ಎಳೆಯುವುದು. ಮೂಗಿನ ಹಾದಿಗೆ ಇದೇ ಒಗ್ಗುವ ಬಗೆ. ಮೂರನೆಯದು ತಲೆಗೆ ತೊಡುವ ಕನ್ನಡಕ. ಪತ್ರಿಕೆಗಳ ಫೋಟೊಗಳಲ್ಲಿ ಕಾಣುವುದೆಲ್ಲ ಈ ಮೂರನೆಯದೇ, ಏಕೆಂದರೆ ನೋಡಲು ಚೆಂದ.

ಕನ್ನಡಕದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ, ಕಾರಣ ಹೇಳುತ್ತೇನೆ. ಬಹಳ ಪ್ರಯೋಗಗಳಲ್ಲಿ ಬಳಕೆಯಾದ ಮೈಕ್ರೊಸಾಫ್ಟ್‌ನ ಹೊಲೊಲೆನ್ಸ್ 2 ತೂಗುತ್ತಿದ್ದದ್ದು 566 ಗ್ರಾಂ. ಅರ್ಧ ಕಿಲೊ ಮೀರಿದ ತೂಕವನ್ನು ಹಣೆಯ ಮೇಲೆ ಹೊತ್ತು ನಾಲ್ಕಾರು ಗಂಟೆ ಬಗ್ಗಿ ನಿಲ್ಲಬೇಕು. ಅದರ ಚಿತ್ರ ಮೂಡುವುದು ಕಣ್ಣಿನಿಂದ ಸುಮಾರು 2 ಮೀಟರ್ ದೂರದಲ್ಲಿ, ವೈದ್ಯರ ಕೈ ಇರುವುದು ಅರ್ಧ ಮೀಟರ್ ದೂರದಲ್ಲಿ. ಗೆರೆಯನ್ನು ದಿಟ್ಟಿಸಿದರೆ ಕೈ ಮಬ್ಬು, ಕೈಯನ್ನು ದಿಟ್ಟಿಸಿದರೆ ಗೆರೆ ಮಬ್ಬು, ತಲೆನೋವು ಉಚಿತ. ಬರೀ ಕನ್ನಡಕವನ್ನೇ ನಂಬಿಕೊಂಡ ಪ್ರಯೋಗಗಳಲ್ಲಿ ತಪ್ಪು ಹಲವು ಮಿಲಿಮೀಟರಿಗೆ ಏರುವುದುಂಟು. ಗೆಡ್ಡೆ ಯಾವ ದಿಕ್ಕಿನಲ್ಲಿದೆ, ಚರ್ಮವನ್ನು ಎಲ್ಲಿ ಕತ್ತರಿಸಬೇಕು ಎಂದು ಯೋಜಿಸಲು ಅದು ಸಾಕು, ದೃಷ್ಟಿನರದ ಪಕ್ಕ ಮೂಳೆ ಕೆರೆಯಲು ಸಾಲದು. ಕೊನೆಗೆ 2024ರಲ್ಲಿ ಮೈಕ್ರೊಸಾಫ್ಟ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಬೆನ್ನುಮೂಳೆಯಲ್ಲಿ ಮಾತ್ರ ಕನ್ನಡಕ ಗಟ್ಟಿಯಾಗಿ ಕಾಲೂರಿದೆ. ಆಗ್ಮೆಡಿಕ್ಸ್ ಎಂಬ ಕಂಪನಿಯ ಸಾಧನಕ್ಕೆ 2019ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, 2020ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅದನ್ನು ತೊಟ್ಟು ಬೆನ್ನುಮೂಳೆಗೆ ಸ್ಕ್ರೂ ಕೂರಿಸಿದರು.

ಎಂಡೋಸ್ಕೋಪಿನ ಮೇಲೆ ಗೆರೆ ಎಳೆಯುವುದಕ್ಕೂ ತನ್ನದೇ ತಾಪತ್ರಯಗಳಿವೆ. ಅದರ ಗಾಜು ಬಾಗಿಲಿನ ಪೀಪ್‌ಹೋಲ್‌ನಂತೆ: ನಡುವೆ ಇರುವುದು ಉಬ್ಬಿ ಕಾಣುತ್ತದೆ, ಅಂಚಿನಲ್ಲಿರುವ ನೇರ ಗೆರೆ ಬಾಗಿ ಕಾಣುತ್ತದೆ. ಕಂಪ್ಯೂಟರ್ ತನ್ನ ಗೆರೆಯನ್ನೂ ಅಷ್ಟೇ ಬಾಗಿಸಬೇಕು, ಇಲ್ಲದಿದ್ದರೆ ನಡುವೆ ಸರಿಯಾಗಿ ಕೂತ ಗೆರೆ ಅಂಚಿನಲ್ಲಿ ಜಾರುತ್ತದೆ. ನೇರ ನೋಡುವ ಎಂಡೋಸ್ಕೋಪ್ ತೆಗೆದು 30 ಅಥವಾ 45 ಡಿಗ್ರಿ ಓರೆ ನೋಡುವುದನ್ನು ಹಾಕಿದರೆ ಲೆಕ್ಕ ಹೊಸದಾಗಿ ಶುರು.

ಇದಕ್ಕಿಂತ ಕಷ್ಟದ್ದು ಆಳ. ಗೋಡೆಯ ಮೇಲೆ ಮೂಡಿದ ಕೆಂಪು ಗೆರೆ ನೋಡಿದವನಿಗೆ ವೈರು ಪ್ಲಾಸ್ಟರಿನ ಮೇಲೇ ಇದೆ ಅನ್ನಿಸುತ್ತದೆ, ಎರಡು ಇಂಚು ಒಳಗಿದೆ ಅನ್ನಿಸುವುದಿಲ್ಲ. ನಮ್ಮ ಕಣ್ಣಿಗೆ ಒಂದು ಹಠವಿದೆ: ಯಾವುದು ಯಾವುದನ್ನು ಮರೆಮಾಡುತ್ತದೋ ಅದು ಮುಂದಿದೆ ಎಂದೇ ಅದು ನಂಬುತ್ತದೆ. ಮೂಳೆಯ ಹಿಂದಿರುವ ಧಮನಿಯ ಚಿತ್ರ ಮೂಳೆಯನ್ನು ಮರೆಮಾಡಿ ಮೂಡಿದಾಗ, ಧಮನಿ ಮೂಳೆಯ ಮುಂದೆ ತೇಲುತ್ತಿರುವ ಹಾಗೆ ಕಾಣುತ್ತದೆ. ಇದಕ್ಕೆ ಮಾಡಿದ ಉಪಾಯಗಳು ಹಲವು. ಮೂಳೆಯಲ್ಲಿ ಸುಳ್ಳು ಕಿಟಕಿಯೊಂದನ್ನು ಕೊರೆದಂತೆ ಚಿತ್ರಿಸಿ ಅದರ ಆಳದಲ್ಲಿ ಧಮನಿಯನ್ನು ತೋರಿಸುವುದು, ದೂರವಿದ್ದಷ್ಟೂ ಬಣ್ಣವನ್ನು ಮಸುಕು ಮಾಡುವುದು, ತುದಿಗೂ ಧಮನಿಗೂ ಇರುವ ಅಂತರವನ್ನು ಅಂಕಿಯಲ್ಲಿ ಹೇಳುವುದು, ಹತ್ತಿರವಾದಾಗ ಬೀಪ್ ಎನ್ನುವುದು. ನನಗೆ ಕೊನೆಯದೇ ಇಷ್ಟ. ಕಣ್ಣಿಗೆ ಆಗಲೇ ಕೆಲಸ ಜಾಸ್ತಿಯಾಗಿದೆ, ಕಿವಿ ಖಾಲಿ ಕೂತಿದೆ.

ಕಣ್ಣೆದುರಿಗೇ ಇದ್ದದ್ದು

ಕಣ್ಣಿಗೆ ಕೆಲಸ ಜಾಸ್ತಿ ಎಂದದ್ದು ಮಾತಿಗಲ್ಲ. ಟೊರಾಂಟೊದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 32 ಶಸ್ತ್ರವೈದ್ಯರಿಗೆ ದಾನವಾಗಿ ಬಂದ ಮೃತದೇಹದ ಮೂಗಿನೊಳಗೆ ಎಂಡೋಸ್ಕೋಪಿನಿಂದ ಒಂದು ಗುರಿ ಮುಟ್ಟುವ ಕೆಲಸ ಕೊಟ್ಟರು. ಕೆಲವರಿಗೆ ಬರೀ ವಿಡಿಯೊ, ಕೆಲವರಿಗೆ ಅದೇ ವಿಡಿಯೊ ಮೇಲೆ ಎಆರ್ ಗೆರೆಗಳು. ಯಾರಿಗೂ ಹೇಳದೆ ಗುರಿಯ ಪಕ್ಕದಲ್ಲೇ ಎರಡು ಅನಿರೀಕ್ಷಿತ ಸಂಗತಿಗಳನ್ನು ಇಟ್ಟಿದ್ದರು: ಒಂದು ಸ್ಕ್ರೂ, ಇನ್ನೊಂದು ಗಂಭೀರವಾದ ತೊಡಕಿನ ಚಿಹ್ನೆ. ಎರಡೂ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿದ್ದವು. ಎಆರ್ ಇದ್ದವರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ಪಕ್ಕದಲ್ಲೇ ಇದ್ದ ಅನಿರೀಕ್ಷಿತಗಳನ್ನು ಗಮನಿಸುವುದರಲ್ಲಿ ಅವರೇ ಹಿಂದೆ ಬಿದ್ದರು.

ಇದರಲ್ಲಿ ವೈದ್ಯರ ಅಸಡ್ಡೆ ಏನೂ ಇಲ್ಲ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಷಬ್ರಿ ಎಂಬ ಮನೋವಿಜ್ಞಾನಿಗಳು ಚೆಂಡಾಟದ ವಿಡಿಯೊ ತೋರಿಸಿ, ಎಷ್ಟು ಸಲ ಚೆಂಡು ಕೈಬದಲಾಯಿತು ಎಣಿಸಿ ಎಂದಿದ್ದರು. ಆಟದ ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು ಎದೆ ಗುದ್ದಿಕೊಂಡು ಹೋದದ್ದು ಸುಮಾರು ಅರ್ಧದಷ್ಟು ಜನರಿಗೆ ಕಾಣಲೇ ಇಲ್ಲ. ಗಮನ ಒಂದು ಕಡೆ ನೆಟ್ಟರೆ ಉಳಿದದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಹೊಳೆಯುವ ಗೆರೆ ಎಂದರೆ "ಇಲ್ಲಿ ನೋಡು" ಎಂಬ ಕೂಗು, ಅದರ ಇನ್ನೊಂದು ಅರ್ಥ "ಅಲ್ಲಿ ನೋಡಬೇಡ". ಹಾಗಾಗಿ ಬೇಕಾದಾಗ ಗೆರೆ ತಂದು, ನೋಡಿಕೊಂಡು, ಮತ್ತೆ ಅಳಿಸಿಬಿಡುವ ಗುಂಡಿಯೇ ಈ ಯಂತ್ರಗಳ ಮುಖ್ಯ ಭಾಗ ಎಂದು ನನಗನ್ನಿಸುತ್ತದೆ.

ಮೂಳೆಯ ಉಪಕಾರ

ಇಷ್ಟೆಲ್ಲ ಕೊರತೆ ಹೇಳಿದ ಮೇಲೆ ಬುರುಡೆಯ ತಳದಲ್ಲೇ ಯಾಕೆ ಇಷ್ಟು ಪ್ರಯತ್ನ ಎಂದು ಕೇಳಬಹುದು. ಉತ್ತರ ಮೂಳೆಯಲ್ಲಿದೆ. ಮೆದುಳು ಮೆತ್ತಗಿನದು, ದ್ರವದಲ್ಲಿ ತೇಲುವಂಥದ್ದು. ಮೇಲಿನಿಂದ ಬುರುಡೆ ತೆರೆದು ಪೊರೆ ಬಿಡಿಸಿದೊಡನೆ ದ್ರವ ಸೋರಿ, ಮೆದುಳು ಕುಸಿದು, ಒಂದು ಸೆಂಟಿಮೀಟರಿನಷ್ಟೂ ಜಾಗ ಬದಲಿಸಬಹುದು. ನಿನ್ನೆಯ ಸ್ಕ್ಯಾನ್ ಇಂದಿನ ಮೆದುಳಿಗೆ ಹೊಂದುವುದಿಲ್ಲ. ಬುರುಡೆಯ ತಳದಲ್ಲಿ ಹಾಗಾಗುವುದಿಲ್ಲ. ಕೆರೋಟಿಡ್ ಮೂಳೆಯ ಕೊಳವೆಯೊಳಗೆ ಕೂತಿದೆ, ಕಿವಿಯ ಹಿಂದಿನ ಮೂಳೆಯಲ್ಲಿ ಮುಖದ ನರ ಸುರಂಗ ತೋಡಿಕೊಂಡು ಹೋಗಿದೆ, ಒಳಕಿವಿಯ ಬಸವನಹುಳುವಿನಾಕಾರದ ಕೇಳುವ ಅಂಗ ಅಲ್ಲೇ ಕಲ್ಲಿನಲ್ಲಿ ಕೊರೆದಂತಿದೆ. ಸ್ಕ್ಯಾನ್ ಮಾಡಿದಾಗ ಎಲ್ಲಿದ್ದವೋ ಡ್ರಿಲ್ ಬಂದಾಗಲೂ ಅಲ್ಲೇ ಇರುತ್ತವೆ.

ಹೆಚ್ಚಿನ ಉಪಯೋಗ ಗುರುತುಗಳೇ ಅಳಿಸಿಹೋದಾಗ. ಹಿಂದೊಮ್ಮೆ ಶಸ್ತ್ರಚಿಕಿತ್ಸೆ ಆಗಿ, ಒಳಗೆಲ್ಲ ಗಾಯದ ಕಲೆಯ ಅಂಗಾಂಶ ಬೆಳೆದಿದ್ದರೆ ಅನುಭವಿಗೂ ದಾರಿ ತಪ್ಪುತ್ತದೆ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಬೆನ್ನಿಗೇ ಕರ್ನಾಟಕವೂ ಸೇರಿ ದೇಶದ ಉದ್ದಗಲಕ್ಕೆ ಹಬ್ಬಿದ ಬ್ಲ್ಯಾಕ್ ಫಂಗಸ್ ನೆನಪಿರಬಹುದು. ಮೂಗಿನ ಗೂಡುಗಳಿಂದ ಶುರುವಾಗಿ ಮೂಳೆಯನ್ನು ತಿನ್ನುತ್ತ ಕಣ್ಣಿಗೂ ಬುರುಡೆಯ ತಳಕ್ಕೂ ಏರುವ ಸೋಂಕು ಅದು. ಸತ್ತ ಮೂಳೆ, ಅಂಗಾಂಶಗಳನ್ನು ಕೆರೆದು ತೆಗೆಯಬೇಕಾದ ಇಎನ್‌ಟಿ ವೈದ್ಯರಿಗೆ ಪಠ್ಯಪುಸ್ತಕದ ಗೋಡೆಗಳು ಇದ್ದಲ್ಲಿ ಇರುತ್ತಿರಲಿಲ್ಲ. ಕಿಟಕಿಯೇ ಬಿದ್ದುಹೋದ ಗೋಡೆಯಲ್ಲಿ ಕಿಟಕಿಯ ಮೂಲೆ ಹುಡುಕುವುದು ಹೇಗೆ? ಹಾಗೆ ಕೇಳುವಂಥ ಕಡೆಗಳಲ್ಲಿ ಮಾರ್ಗದರ್ಶನದ ಬೆಲೆ ತಿಳಿಯುತ್ತದೆ.

ಮೂಳೆಯ ಆಚೆಗೆ ಹೋದೊಡನೆ ಈ ಉಪಕಾರ ಮುಗಿಯುತ್ತದೆ. ಕೇಳುವ ನರಕ್ಕೆ ಜೊತೆಯಾಗಿರುವ ಸಮತೋಲನದ ನರದ ಮೇಲೆ ಬೆಳೆಯುವ ಗೆಡ್ಡೆಯೊಂದಿದೆ, ಅಕೂಸ್ಟಿಕ್ ನ್ಯೂರೋಮಾ ಎಂದು ವಾಡಿಕೆಯ ಹೆಸರು. ಪಕ್ಕದಲ್ಲೇ ಹೋಗುವ ಮುಖದ ನರವನ್ನು ಅದು ತಳ್ಳಿ, ಹಿಗ್ಗಿಸಿ, ತನ್ನ ಮೈಮೇಲೆ ದೋಸೆಯಂತೆ ಹರಡಿಕೊಂಡಿರುತ್ತದೆ. ಆ ನರ ಹೋದರೆ ಮುಖದ ಆ ಬದಿ ಜೋತುಬೀಳುತ್ತದೆ, ಕಣ್ಣು ಮುಚ್ಚುವುದಿಲ್ಲ. ರೋಗಿ ಎಲ್ಲಕ್ಕಿಂತ ಹೆದರುವುದು ಇದಕ್ಕೇ. ಮೂಳೆಯ ಸುರಂಗದಲ್ಲಿ ಸಿಟಿ ಚೆನ್ನಾಗಿ ತೋರಿಸಿದ್ದ ಅದೇ ನರ, ಗೆಡ್ಡೆಯ ಮೇಲೆ ಹೀಗೆ ತೆಳುವಾದ ಮೇಲೆ ಸಾಮಾನ್ಯ ಎಂಆರ್‌ಐಯಲ್ಲಿ ಕಾಣುವುದೇ ಇಲ್ಲ. ಸ್ಕ್ಯಾನಿಗೆ ಕಾಣದ್ದನ್ನು ಎಆರ್ ಎಲ್ಲಿಂದ ತೋರಿಸೀತು? ಅಲ್ಲಿ ನೆರವಾಗುವುದು ಬೇರೆ ಉಪಾಯ. ಮುಖದ ಸ್ನಾಯುಗಳಿಗೆ ಸೂಜಿ ವಿದ್ಯುದ್ವಾರ ಜೋಡಿಸಿ, ಗೆಡ್ಡೆಯ ಮೇಲೆ ಸಣ್ಣ ಕರೆಂಟು ಹಾಯಿಸಿ ನೋಡುತ್ತಾರೆ. ನರ ತಾಗಿದರೆ ಯಂತ್ರ ಟಕಟಕ ಅನ್ನುತ್ತದೆ. ಪಿಟ್ಯುಟರಿಯಲ್ಲೂ ಅಷ್ಟೆ. ಗೆಡ್ಡೆಯನ್ನು ಒಳಗಿನಿಂದ ಖಾಲಿ ಮಾಡುತ್ತ ಹೋದಂತೆ ಮೇಲಿನ ಪೊರೆ ಕೆಳಕ್ಕೆ ಇಳಿಯುತ್ತದೆ, ಎಆರ್ ಮಾತ್ರ ಬೆಳಿಗ್ಗೆಯ ಗೆಡ್ಡೆಯನ್ನೇ ತೋರಿಸುತ್ತಿರುತ್ತದೆ. ಕೆರೋಟಿಡ್ ಇಲ್ಲೇ ಇದೆ ಎಂದು ಗೆರೆ ಹೇಳಿದರೂ ಕೊರೆಯುವ ಮೊದಲು ಕಡ್ಡಿಯಂಥ ಡಾಪ್ಲರ್ ಇಟ್ಟು ರಕ್ತ ಹರಿಯುವ ಸದ್ದು ಕೇಳಿಸಿಕೊಳ್ಳುವವರು ಬಹಳ ಜನ.

ಹಾಗಾದರೆ ಎಆರ್‌ನಿಂದ ರೋಗಿಗಳಿಗೆ ನಿಜಕ್ಕೂ ಒಳ್ಳೆಯದಾಗಿದೆಯೇ? ಇದುವರೆಗಿನ ಅಧ್ಯಯನಗಳಲ್ಲಿ ಬಹುಪಾಲು ಚಿಕ್ಕವು: ಪ್ರಯೋಗಾಲಯದ ಮಾದರಿಗಳ ಮೇಲೆ, ಮೃತದೇಹಗಳ ಮೇಲೆ, ಇಲ್ಲವೇ ಬೆರಳೆಣಿಕೆಯ ರೋಗಿಗಳ ಮೇಲೆ ನಡೆದವು. ಕತ್ತು ಹೊರಳಿಸುವುದು ತಪ್ಪಿತು, ದಿಕ್ಕು ಬೇಗ ತಿಳಿಯಿತು, ಕಲಿಯುವವರಿಗೆ ಅರ್ಥ ಮಾಡಿಸುವುದು ಸುಲಭವಾಯಿತು ಎಂಬ ಮಾತುಗಳನ್ನು ನಂಬಬಹುದು. ಧಮನಿಯ ಗಾಯ ಕಡಿಮೆಯಾಯಿತು, ಹೆಚ್ಚು ಜನರ ಕಣ್ಣು ಉಳಿಯಿತು ಎಂದು ಹೇಳಲು ಸಾವಿರಾರು ರೋಗಿಗಳ ಹೋಲಿಕೆ ಬೇಕು. ಮೊದಲೇ ಅಪರೂಪವಾದ ಅವಘಡ ಇನ್ನಷ್ಟು ಅಪರೂಪವಾಯಿತೆಂದು ಸಾಬೀತು ಮಾಡುವುದು ಅಷ್ಟು ಸುಲಭವಲ್ಲ.

ಕ್ರಿಕೆಟ್ ನೋಡುವವರಿಗೆ 'ಅಂಪೈರ್ಸ್ ಕಾಲ್' ಗೊತ್ತು. ಎಲ್‌ಬಿಡಬ್ಲ್ಯು ಮನವಿಯಲ್ಲಿ ಚೆಂಡಿನ ದಾರಿಯನ್ನು ಕಂಪ್ಯೂಟರ್ ಎಳೆದು ತೋರಿಸುತ್ತದೆ. ಆದರೆ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗವಷ್ಟೇ ಸ್ಟಂಪಿಗೆ ತಗಲುತ್ತದೆ ಎಂದಾದರೆ ಅದು ತೀರ್ಪು ಕೊಡಲು ಹೋಗುವುದಿಲ್ಲ, ಮೈದಾನದ ಅಂಪೈರ್ ಹೇಳಿದ್ದೇ ನಿಲ್ಲುತ್ತದೆ. ತನ್ನ ಲೆಕ್ಕದಲ್ಲಿ ಕೆಲವು ಮಿಲಿಮೀಟರ್ ಆಚೀಚೆ ಇರಬಹುದು ಎಂದು ಯಂತ್ರದ ಹಿಂದಿರುವವರು ನಿಯಮದಲ್ಲೇ ಒಪ್ಪಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯ ಎಆರ್‌ನಲ್ಲಿ ಇಂಥ ಒಪ್ಪಿಗೆ ಇನ್ನೂ ರೂಢಿಗೆ ಬಂದಿಲ್ಲ. ತಪ್ಪು ಅರ್ಧ ಮಿಲಿಮೀಟರ್ ಇದ್ದಾಗಲೂ ಮೂರು ಮಿಲಿಮೀಟರ್ ಇದ್ದಾಗಲೂ ಧಮನಿಯ ಅಂಚು ಅದೇ ಸಣ್ಣ, ಅದೇ ಚೂಪು ಗೆರೆಯಾಗಿಯೇ ಹೊಳೆಯುತ್ತದೆ. ಅನಿಶ್ಚಿತತೆ ಎಷ್ಟಿದೆಯೋ ಅಷ್ಟು ದಪ್ಪಕ್ಕೆ ಗೆರೆ ಎಳೆಯಬಹುದು, ಗುರುತು ಹಾಕಿದ ಜಾಗದಿಂದ ದೂರ ಹೋದಂತೆ ಅದನ್ನು ಮಸುಕಾಗಿಸಬಹುದು. ಸಂಶೋಧಕರು ಇಂಥ ಚಿತ್ರಣಗಳನ್ನು ಪ್ರಯತ್ನಿಸುತ್ತಲೂ ಇದ್ದಾರೆ. ಆದರೆ ಮಸುಕಾದ ದಪ್ಪ ಗೆರೆ ಕಂಪನಿಯ ಜಾಹೀರಾತಿನಲ್ಲಿ ಚೆನ್ನಾಗಿ ಕಾಣುವುದಿಲ್ಲ.